ಅಜ್ಜಯ್ಯ ಕೈಗೆ ಬುಟ್ಟಿ ಕೊಟ್ಟರು

2019ರ ಬೇಸಿಗೆಯಲ್ಲಿ ಒಂದೇ ಕನಸು ನನಗೆ ಮೂರು ಸಲ ಬಿತ್ತು. ನಮ್ಮ ಸೀಮೆಯವರು ದೇವರೆಂದು ಪೂಜಿಸುವ ಸಂತ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಅಜ್ಜಯ್ಯ, ನಮ್ಮೂರ ಗೋಕಟ್ಟೆಯ ಏರಿ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಬೇವಿನ ಗಿಡ. ಕಟ್ಟೆ ತುಂಬ ನೀರು, ದನ ಕುಡಿಯುತ್ತಿದ್ದವು. ಅಜ್ಜಯ್ಯ ಮಾತಾಡಲಿಲ್ಲ. ನನ್ನ ಕೈಗೆ ಬುಟ್ಟಿ ಕೊಟ್ಟರು.

ನಿಜದಲ್ಲಿ ಆ ಕಟ್ಟೆ ಹೂಳು ತುಂಬಿ, ಬಳ್ಳಾರಿ ಜಾಲಿ ಬೆಳೆದು ಮುಚ್ಚಿಹೋಗಿತ್ತು. ಚಳ್ಳಕೆರೆ ಸೀಮೆಯಲ್ಲಿ ಮೊದಲೇ ಮಳೆ ಕಮ್ಮಿ. ಬಿದ್ದದ್ದನ್ನೂ ಹಿಡಿದಿಡಲು ಜಾಗವಿರಲಿಲ್ಲ.

ಎಲ್ಲ ಕನಸೂ ದೇವರದ್ದು ಅಂತ ನಾನು ನಂಬುವುದಿಲ್ಲ. ಜ್ವರದಲ್ಲಿ, ಚಿಂತೆಯಲ್ಲಿ ಬೀಳುವ ಕನಸು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತದೆ. ಇದು ಮರೆಯಲಿಲ್ಲ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಅತ್ತೆಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಜ್ಜಯ್ಯ ಏನಾದ್ರೂ ಕೊಡ್ತೀನಿ ಅಂದ್ರಾ, ಕೆಲ್ಸ ಹೇಳಿದ್ರಾ?"

"ಬುಟ್ಟಿ ಕೊಟ್ರು."

"ಹಂಗಾದ್ರೆ ಅವರೇ ಬಿಡವ್ವ."

ನಾಯಕನಹಟ್ಟಿ ಸುತ್ತ ಐದು ಕೆರೆ ಕಟ್ಟಿಸಿದವರು ಅವರು, ಅಲ್ವಾ? ಕೆರೆ ಅಗೆದವರು ತಮ್ಮ ಮುಂದೆ ಗುಡ್ಡೆ ಮಾಡಿದ ಮಣ್ಣೇ ಅವರವರ ದುಡಿಮೆಗೆ ತಕ್ಕ ಕೂಲಿಯಾಯಿತು ಅಂತ ನಮ್ಮ ಕಡೆ ಹೇಳುತ್ತಾರೆ. 'ಮಾಡಿದಷ್ಟು ನೀಡು ಭಿಕ್ಷೆ' ಅನ್ನುವುದು ಅವರದೇ ಮಾತು.

ಊರಲ್ಲಿ ಸುದ್ದಿ ಹರಡಿತು. ಹಾಲು ಹಾಕಲು ಹೋದರೆ, "ನಿನ್ನೆ ರಾತ್ರಿ ಯಾವ ದೇವ್ರು ಬಂದಿದ್ದ?" ಅಂತ ನಗುತ್ತಿದ್ದರು. ಮೈದುನ, "ಅತ್ತಿಗೆ, ಕನಸಿಗೆ ಕೂಲಿ ಯಾರು ಕೊಡ್ತಾರೆ?" ಅಂದ. ತುಂಬಾ ನೋವಾಯಿತು. ಯಾರ ಹತ್ತಿರವೂ ವಾದ ಮಾಡಲಿಲ್ಲ, ದುಡ್ಡೂ ಕೇಳಲಿಲ್ಲ. ಪಂಚಾಯ್ತಿಯಲ್ಲಿ ಮಾತ್ರ ಒಂದು ಮಾತು ಕೇಳಿಕೊಂಡೆ. ದಿನಾ ಬೆಳಿಗ್ಗೆ ಬಿಸಿಲೇರುವ ಮುಂಚೆ ಇಪ್ಪತ್ತು ಬುಟ್ಟಿ ಹೂಳು ತೆಗೆದು ನಮ್ಮ ಶೇಂಗಾ ಹೊಲಕ್ಕೆ ಹಾಕಿದೆ. ಗೋಡು ಮಣ್ಣು ಬಿದ್ದ ಕಡೆ ಬೆಳೆ ಎದ್ದು ಕಾಣತೊಡಗಿತು. ಎರಡನೇ ಬೇಸಿಗೆಗೆ ಪಕ್ಕದ ಹೊಲದವರು ತಾವೇ ಟ್ರ್ಯಾಕ್ಟರ್ ತಂದು ಹೂಳು ಹೊತ್ತರು. ಅವರು ಬಂದದ್ದು ಮಣ್ಣಿಗಾಗಿ, ಕನಸಿಗಾಗಿ ಅಲ್ಲ. ಆದರೂ ಕಟ್ಟೆ ಆಳವಾಯಿತು.

2022ರಲ್ಲಿ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ ನಮ್ಮ ಗೋಕಟ್ಟೆಯೂ ತುಂಬಿತು. "ಮಳೆ ಬಂತು, ತುಂಬ್ತು. ಇದರಲ್ಲಿ ನಿನ್ನ ಕನಸೇನು?" ಅಂದವರೂ ಇದ್ದಾರೆ. ಮಳೆ ಎಲ್ಲ ಕಡೆ ಬಂತು, ನಿಜ. ಹೂಳು ತುಂಬಿದ ಕಟ್ಟೆಗಳಲ್ಲಿ ನೀರು ನಿಲ್ಲಲಿಲ್ಲ. ನಮ್ಮದರಲ್ಲಿ ಸಂಕ್ರಾಂತಿ ದಾಟಿದರೂ ದನ ಕುಡಿದವು. ಮೈದುನನ ಎತ್ತುಗಳೂ.

ಆ ಫಾಲ್ಗುಣದಲ್ಲಿ ಅಜ್ಜಯ್ಯನ ಜಾತ್ರೆಯಲ್ಲಿ ಕೊಬ್ಬರಿ ಸುಟ್ಟು ಹರಕೆ ತೀರಿಸಿದೆ. ಬೇವಿನ ಗಿಡ ಮಾತ್ರ ಇನ್ನೂ ಆಗಿಲ್ಲ. ಏರಿ ಮೇಲೆ ಮೂರು ಸಸಿ ನೆಟ್ಟಿದ್ದೆ, ಎರಡು ಒಣಗಿದವು. ಉಳಿದದ್ದು ನನ್ನ ಸೊಂಟದ ಎತ್ತರ ಬಂದಿದೆ. ಸಂಜೆ ಎರಡು ಕೊಡ ನೀರು ಹಾಕುತ್ತೇನೆ.