ಭೋಸರಿಯಲ್ಲಿ ಅರಗಿನ ಆಟಿಕೆ

ಚನ್ನಪಟ್ಟಣದಲ್ಲಿ ಮರ ತಿರುಗಿಸಿ ಆಟಿಕೆ ಮಾಡುವ ಅಪ್ಪನ ಲೇತ್ ಇತ್ತು. ಅದರ ಸಂಪಾದನೆಯಲ್ಲಿ ಇಡೀ ಮನೆ ನಡೆಯುವುದು ಕಷ್ಟವಾದಾಗ ನಾನು ಪುಣೆಯ ಬಸ್ ಹತ್ತಿದೆ. ಪುಣೆ ಪಕ್ಕದ ಭೋಸರಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಟರ್ನರ್ ಆಗಿ ಸೇರಿಕೊಂಡೆ. ಈಗ ಅದೇ ಎಂಐಡಿಸಿಯ ಶೆಡ್ಡಿನಲ್ಲಿ ನನ್ನ ಆಟಿಕೆ ಕಂಪನಿ ನಡೆಯುತ್ತಿದೆ. ಹೇಗೆ ಕಟ್ಟಿದಿರಿ ಎಂದು ಊರಿನ ಹುಡುಗರು ಫೋನ್ ಮಾಡಿದಾಗಲೆಲ್ಲ ಬಂಡವಾಳದ ಮಾತಿಗೆ ಮೊದಲು ಅಳತೆಯ ಮಾತು ಎತ್ತುತ್ತೇನೆ.

ಊರಿನಲ್ಲಿ ನಮ್ಮದು ಕಣ್ಣಳತೆ. ಆಲೆ ಮರದ ತುಂಡು ತಿರುಗುತ್ತಿರುವಾಗ ಎಲ್ಲಿ ನಿಲ್ಲಿಸಬೇಕೆಂಬುದು ಉಳಿ ಹಿಡಿದ ಕೈಗೇ ಗೊತ್ತಾಗುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯಬೇಕು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಒಣಗಿದ ಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಒತ್ತುವ ಹದ ತಪ್ಪಿದರೆ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಅಪ್ಪನ ಕೈಯಲ್ಲಿದ್ದ ಆ ಹದವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಈಗ ನಾವು ಮಾಡುವುದು ಬಳೆ–ಕಂಬ, ಅಂದರೆ ಮರದ ಬಳೆಗಳನ್ನು ಮಕ್ಕಳು ಕಂಬಕ್ಕೆ ಪೋಣಿಸಿ ಆಡುವ ಆಟಿಕೆ. ಒಂದೇ ಅಳತೆಯ ಸಾವಿರ ಬಳೆ ಬೇಕೆಂದರೆ ಕಣ್ಣು ಸಾಲದು. ಅದಕ್ಕೆ ಬೇಕಾದ ಶಿಸ್ತನ್ನು ಭೋಸರಿ ಕಲಿಸಿತು. ಅಲ್ಲಿ ಪ್ರತಿ ತೂತಿಗೂ ಗೋ–ನೋಗೋ ಗೇಜ್ ಇರುತ್ತದೆ: ಒಂದು ತುದಿ ಒಳಗೆ ಹೋಗಲೇಬೇಕು, ಇನ್ನೊಂದು ಹೋಗಲೇಬಾರದು. ಆ ಗೇಜನ್ನು ನಾನು ಮರಕ್ಕೆ ತಂದೆ. ಉಕ್ಕಿಗಿಲ್ಲದ ಚಾಳಿ ಮರಕ್ಕಿದೆ. ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಪುಣೆಯ ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ಹಾಗಾಗಿ ಮರವನ್ನು ಚೆನ್ನಾಗಿ ಒಣಗಿಸಿ, ಕಂಬಕ್ಕೂ ಬಳೆಗೂ ನಡುವೆ ಎರಡೂ ಕಾಲಕ್ಕೆ ಒದಗುವಷ್ಟು ಸಡಿಲ ಬಿಡುತ್ತೇವೆ.

ಮಾರಾಟ ಶುರುವಾದದ್ದು ಉಡುಪಿ ಕಡೆಯವರೊಬ್ಬರ ಹೋಟೆಲಿನ ಗಲ್ಲಾದ ಪಕ್ಕದಲ್ಲಿ. ಕನ್ನಡವೇ ನಮ್ಮಿಬ್ಬರ ಪರಿಚಯ. ಭಾನುವಾರ ಟೇಬಲ್ಲಿಗಾಗಿ ಕಾಯುವ ಮಕ್ಕಳ ಕೈಗೆ ಅವರು ಬಳೆ–ಕಂಬ ಕೊಡುತ್ತಿದ್ದರು, ಹೊರಡುವಾಗ ಮಕ್ಕಳು ಅದನ್ನು ಬಿಡುತ್ತಿರಲಿಲ್ಲ. ದೊಡ್ಡ ಅಂಗಡಿಗಳು ಮಾಲು ತೆಗೆದುಕೊಂಡು ಹಣಕ್ಕೆ ತಿಂಗಳುಗಟ್ಟಲೆ ಅಲೆಸಿದವು. ಅವುಗಳ ಸಹವಾಸ ಬಿಟ್ಟು ಬಾಲವಾಡಿಗಳಿಗೆ ನೇರವಾಗಿ ಮಾರತೊಡಗಿದೆ. ಕಂಪನಿ ಉಳಿದದ್ದು ಅಲ್ಲಿ ಕೈಗೆ ಸಿಕ್ಕ ರೊಕ್ಕದಿಂದ.

2020ರ ಫೆಬ್ರುವರಿಯಲ್ಲಿ ಆಟಿಕೆಗಳ ಆಮದು ಸುಂಕ ಶೇಕಡಾ 20ರಿಂದ 60ಕ್ಕೆ ಏರಿತು. 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಯಿತು. ಭೌಗೋಳಿಕ ಸೂಚಿಕೆ, ಅಂದರೆ ಒಂದು ಊರಿನ ವಿಶಿಷ್ಟ ಸರಕಿಗೆ ಸಿಗುವ ಕಾನೂನಿನ ಗುರುತು, ಪಡೆದ ಆಟಿಕೆಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಊರಿನಲ್ಲಿ ಆ ಸೂಚಿಕೆಯ ಅಧಿಕೃತ ಬಳಕೆದಾರರು ಮಾಡುವ ಆಟಿಕೆಗೆ ಅದು ಅನ್ವಯಿಸುತ್ತದೆ, ಭೋಸರಿಯ ನನ್ನ ಆಟಿಕೆಗೆ ಇಲ್ಲ. ಅದು ನ್ಯಾಯವೇ. ಚನ್ನಪಟ್ಟಣದ ಹೆಸರು ಅಲ್ಲೇ ಕೂತು ದುಡಿಯುವವರ ಆಸ್ತಿ. ನಮ್ಮ ಡಬ್ಬಿಯ ಮೇಲೆ ಅದನ್ನು ಅಚ್ಚು ಹಾಕಿಸಿಲ್ಲ.

ಆ ಗುರುತಿನ ಪರವಾನಗಿ ಪಡೆಯುವಾಗ ಗೇಜಿನ ಅಭ್ಯಾಸವೇ ಕೈಹಿಡಿಯಿತು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ತುಣುಕೂ 31.7 ಮಿಲಿಮೀಟರ್ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದು. ಇಳಿದರೆ ಮಗುವಿನ ಗಂಟಲಿಗೂ ಇಳಿಯಬಹುದು. ಎಳೆದು, ತಿರುಚಿ, ಬೀಳಿಸಿ ನೋಡಿದಾಗ ಕಿತ್ತು ಬಂದ ಚೂರಿಗೂ ಇದೇ ನಿಯಮ. ಬಣ್ಣದಿಂದ ಹೊರಬರುವ ಸೀಸ ಕಿಲೋಗೆ 90 ಮಿಲಿಗ್ರಾಂ ಮೀರುವಂತಿಲ್ಲ. ಅರಗು ಶುದ್ಧವೆಂದು ಸುಮ್ಮನಿರಬೇಡಿ, ಅದಕ್ಕೆ ಬೆರೆಸುವ ಬಣ್ಣದ ಪುಡಿಯ ಪ್ರತಿ ಕಂತನ್ನೂ ಪರೀಕ್ಷೆಗೆ ಕಳುಹಿಸಿ. ಮಗು ಮೊದಲು ಬಾಯಿಗಿಟ್ಟುಕೊಂಡು ಆಮೇಲೆ ಆಡುತ್ತದೆ.

ಈಗ ನಮಗೆ ಹೆಚ್ಚು ಗಿರಾಕಿಗಳನ್ನು ತರುತ್ತಿರುವುದು ಬಿಡಿ ಬಳೆ. ಕಳೆದುಹೋದ ಒಂದೇ ಬಳೆಗಾಗಿ ಬಾಲವಾಡಿಯವರು ಬರೆಯುತ್ತಾರೆ, ಆ ಬಣ್ಣದ್ದನ್ನೇ ಅಂಚೆಯಲ್ಲಿ ಕಳುಹಿಸುತ್ತೇವೆ. ವರ್ಷಗಳ ಹಿಂದೆ ಮಾರಿದ ಕಂಬಕ್ಕೆ ಅದು ಸರಿಯಾಗಿ ಕೂರುತ್ತದೆ. ಮುಂದಿನ ಜೂನಿಗೆ ಅವರು ಹೊಸ ಸೆಟ್ ತರಿಸಿಕೊಳ್ಳುವುದೂ ನಮ್ಮಿಂದಲೇ.