ಡೋಸ್ ಹೆಚ್ಚಿಸುವ ಮೊದಲು ಪಂಪು ನೋಡಬೇಕಿತ್ತು

ಹುಬ್ಬಳ್ಳಿಯಲ್ಲಿ ಶ್ವಾಸಕೋಶ ತಜ್ಞನಾಗಿ ಕೆಲಸ ಆರಂಭಿಸಿದ ಮೊದಲ ವರ್ಷಗಳಲ್ಲಿ, ಅಸ್ತಮಾ ಹತೋಟಿಗೆ ಬರುತ್ತಿಲ್ಲವೆಂದು ರೋಗಿ ಮೂರನೆಯ ಸಲ ಬಂದು ಕುಳಿತರೆ ನಾನು ಚೀಟಿಯಲ್ಲಿ ಪಂಪಿನ (ಇನ್‌ಹೇಲರ್) ಡೋಸ್ ಹೆಚ್ಚಿಸುತ್ತಿದ್ದೆ. ಅದಕ್ಕೂ ಬಗ್ಗದಿದ್ದರೆ ಸ್ಟಿರಾಯ್ಡ್ ಮಾತ್ರೆ ಬರೆಯುತ್ತಿದ್ದೆ. ಮಾತ್ರೆಯಿಂದ ನಾಲ್ಕು ದಿನ ಆರಾಮವಾಗುತ್ತಿತ್ತು, ಆಮೇಲೆ ಅದೇ ದಮ್ಮು, ನಸುಕಿನಲ್ಲಿ ಅದೇ ಕೆಮ್ಮು. ಈ ಕ್ರಮ ತಪ್ಪೆಂದು ನನಗೆ ಮನವರಿಕೆ ಮಾಡಿಕೊಟ್ಟವರು ಬ್ಯಾಡಗಿಯಿಂದ ಬರುತ್ತಿದ್ದ, ಐವತ್ತರ ಆಸುಪಾಸಿನ ಒಬ್ಬ ತಾಯಿ.

ಅವರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಒಂದೇ ವರ್ಷದಲ್ಲಿ ನಾನೇ ಮೂರು ಸಲ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದೆ, ರಕ್ತದ ಸಕ್ಕರೆ ಏರತೊಡಗಿತ್ತು. "ಡಾಕ್ಟರ್ರ, ಪಂಪು ತೊಗೊಂಡ್ರೂ ದಮ್ಮು ಹೋಗವಲ್ದ್ರೀ" ಎಂದರು. ಆ ದಿನ ಯಾಕೋ, "ನನ್ನ ಮುಂದ ಒಂದ್ಸಲ ತೊಗೊಂಡು ತೋರಸ್ರಿ ಅವ್ವಾರ" ಎಂದೆ. ಅವರು ಮುಚ್ಚಳ ತೆಗೆದರು, ಅಲುಗಾಡಿಸದೆಯೇ ಬಾಯಿಗಿಟ್ಟು ಒತ್ತಿದರು, ಒತ್ತಿಯಾದ ಮೇಲೆ ಉಸಿರೆಳೆದರು. ತುಟಿಯ ಅಂಚಿನಿಂದ ಬಿಳಿಯ ಹೊಗೆಯಂತೆ ಔಷಧ ಹೊರಗೆ ಬಂದು ಮೇಜಿನ ಮೇಲೆ ತೇಲಿತು. ಪಂಪಿನ ಹಿಂಬದಿಯ ಎಣಿಕೆ ನೋಡಿದೆ. 120 ಡೋಸಿನ ಪಂಪು ಅದು. ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ಬರೆದುಕೊಟ್ಟು ಎರಡು ತಿಂಗಳಾಗಿತ್ತು, ಅಂದರೆ ತಿಂಗಳ ಹಿಂದೆಯೇ ಮುಗಿದಿರಬೇಕಿತ್ತು. ಎಣಿಕೆ ಇನ್ನೂ 86 ಡೋಸ್ ಉಳಿದಿದೆಯೆಂದು ತೋರಿಸುತ್ತಿತ್ತು. ದಿನಾ ತೊಗೊಂಡರೆ ಚಟ ಬೀಳತೈತಿ ಎಂದು ನೆರೆಯವರು ಹೇಳಿದ್ದರಿಂದ, ತೀರಾ ಕಷ್ಟವಾದಾಗ ಮಾತ್ರ ಬಳಸುತ್ತಿದ್ದರಂತೆ. ಬಾಯಿಗಿಟ್ಟದ್ದರಲ್ಲೂ ಬಹುಪಾಲು ಗಾಳಿಗೆ ಹೋಗುತ್ತಿತ್ತು. ಶ್ವಾಸನಾಳದ ಊತ ಇಳಿಸುವ ಔಷಧ ಅವರ ಎದೆಯೊಳಗೆ ಇಳಿದೇ ಇರಲಿಲ್ಲ. ಇಳಿಯದ ಔಷಧದ ಡೋಸನ್ನು ನಾನು ಹೆಚ್ಚಿಸುತ್ತ ಹೋಗಿದ್ದೆ.

ಹತೋಟಿಗೆ ಬಾರದ ಅಸ್ತಮಾ ಬೇರೆ, ತೀವ್ರ ಅಸ್ತಮಾ ಬೇರೆ. ನೆದರ್ಲೆಂಡ್ಸ್‌ನ ಒಂದು ಅಂದಾಜಿನಂತೆ ಅಸ್ತಮಾ ಇರುವ ವಯಸ್ಕರಲ್ಲಿ ಸುಮಾರು ಶೇ 17ರಷ್ಟು ಜನರಿಗೆ ಚಿಕಿತ್ಸೆ ಕಷ್ಟವೆನಿಸಿದರೂ, ಔಷಧವನ್ನು ಸರಿಯಾಗಿ, ತಪ್ಪದೆ ತೆಗೆದುಕೊಂಡ ಮೇಲೂ ಬಗ್ಗದ ನಿಜವಾದ ತೀವ್ರ ಅಸ್ತಮಾ ಇರುವುದು ಶೇ 4ಕ್ಕಿಂತ ಕಡಿಮೆ ಜನರಲ್ಲಿ. ನಡುವಿನ ಅಂತರದಲ್ಲಿರುವವರಿಗೆ ಬೇಕಾದದ್ದು ಹೊಸ ಔಷಧವಲ್ಲ, ವೈದ್ಯರ ಸಮಯ.

ಆದ್ದರಿಂದ ಈಗ ನಾನು ಮೊದಲಿಗೆ ಇದು ಅಸ್ತಮಾ ಹೌದೋ ಅಲ್ಲವೋ ಎಂದೇ ಪುನಃ ಪರೀಕ್ಷಿಸುತ್ತೇನೆ. ಸ್ಪೈರೊಮೆಟ್ರಿಯಲ್ಲಿ, ಅಂದರೆ ಊದಿಸಿ ಉಸಿರು ಅಳೆಯುವ ಪರೀಕ್ಷೆಯಲ್ಲಿ, ನಾಳ ಹಿಗ್ಗಿಸುವ ಔಷಧ ಕೊಟ್ಟ ಬಳಿಕ ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ 200 ಮಿಲಿಲೀಟರ್ ಮತ್ತು ಶೇ 12ಕ್ಕಿಂತ ಹೆಚ್ಚಿದರೆ ಅಸ್ತಮಾಕ್ಕೆ ಬಲವಾದ ಆಧಾರ ಸಿಗುತ್ತದೆ. ಒಲೆಯ ಹೊಗೆ ಕುಡಿದು ಕುಡಿದು ಶ್ವಾಸನಾಳ ಕೆಟ್ಟವರೂ, ಹೃದಯ ದುರ್ಬಲವಾಗಿ ರಾತ್ರಿ ಏದುಸಿರು ಬಿಡುವವರೂ ವರ್ಷಗಟ್ಟಲೆ ಅಸ್ತಮಾದ ಪಂಪು ಹಿಡಿದು ಓಡಾಡಿದ್ದನ್ನು ನೋಡಿದ್ದೇನೆ. ಆಮೇಲೆ ಪಂಪು ಹಿಡಿಯುವ ಕೈ: ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಎಳೆಯಲು ಆರಂಭಿಸಿದಾಗಲೇ ಒತ್ತಿ, ಹತ್ತು ಸೆಕೆಂಡು ಉಸಿರು ಹಿಡಿಯುವುದು, ಕೊನೆಗೆ ಬಾಯಿ ಮುಕ್ಕಳಿಸುವುದು. ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸಲಾಗದವರಿಗೆ ಸ್ಪೇಸರ್, ಅಂದರೆ ಪಂಪಿಗೆ ಜೋಡಿಸುವ ಕೊಳವೆ, ಕೊಡುತ್ತೇನೆ. ಕ್ಯಾಪ್ಸೂಲಿನ ಪುಡಿ ಎಳೆಯುವ ಸಾಧನವಾದರೆ ಕ್ರಮವೇ ಉಲ್ಟಾ, ಜೋರಾಗಿ ಎಳೆಯಬೇಕು. ಒಮ್ಮೆ ಕಲಿಸಿದರೆ ಸಾಲದು, ಪ್ರತಿ ಭೇಟಿಯಲ್ಲೂ ಮಾಡಿಸಿ ನೋಡಬೇಕು.

ಮನೆಯಲ್ಲಿರುವ ಎಲ್ಲ ಔಷಧಗಳನ್ನೂ ಚೀಲದಲ್ಲಿ ಹಾಕಿಕೊಂಡು ಬರಲು ಹೇಳುತ್ತೇನೆ. ಧಾರವಾಡದ ನಿವೃತ್ತ ಶಿಕ್ಷಕರೊಬ್ಬರ ಅಸ್ತಮಾ ಅರವತ್ತೆಂಟರ ವಯಸ್ಸಿನಲ್ಲಿ ಏಕಾಏಕಿ ಕೆರಳಿತ್ತು. ಚೀಲದ ತಳದಲ್ಲಿ ಗ್ಲಾಕೋಮಾಕ್ಕೆಂದು ಹಾಕಿಕೊಳ್ಳುತ್ತಿದ್ದ ಟಿಮೊಲಾಲ್ ಹನಿ ಸಿಕ್ಕಿತು. ಕಣ್ಣಿಗೆ ಬಿಟ್ಟ ಹನಿ ರಕ್ತಕ್ಕೆ ಸೇರಿ ಶ್ವಾಸನಾಳವನ್ನು ಬಿಗಿಯಬಲ್ಲದು. ಕಣ್ಣಿನ ಹನಿ ಔಷಧವೆಂದು ಅವರಿಗೆ ಹೊಳೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಕಣ್ಣಿನ ವೈದ್ಯರು ಬೇರೆ ಹನಿ ಬರೆದುಕೊಟ್ಟ ಮೇಲೆ ಅವರ ರಾತ್ರಿಗಳು ತಿಳಿಯಾದವು.

ಇಷ್ಟೆಲ್ಲ ಸರಿಪಡಿಸಿ ಮೂರರಿಂದ ಆರು ತಿಂಗಳು ಕಳೆದ ಮೇಲೂ ಉಸಿರು ಬಗ್ಗದಿದ್ದರೆ ಮಾತ್ರ ತೀವ್ರ ಅಸ್ತಮಾ ಎಂಬ ಹೆಸರಿಡುತ್ತೇನೆ. ಆಗ ಅಲರ್ಜಿಯ ಸುಳಿವು ಕೊಡುವ ರಕ್ತಪರೀಕ್ಷೆಗಳಾದ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ, ಒಟ್ಟು ಐಜಿಇ ಮಾಡಿಸುತ್ತೇನೆ. ನಮ್ಮ ದೇಶದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಅಲರ್ಜಿಯನ್ನು ಇಂಥಲ್ಲಿ ಮರೆಯಲೇಬಾರದು. ಒಮಾಲಿಜುಮಾಬ್, ಮೆಪೊಲಿಜುಮಾಬ್‌ನಂಥ ಚುಚ್ಚುಮದ್ದುಗಳು ಕೆಲವರ ಬದುಕನ್ನೇ ಬದಲಿಸುತ್ತವೆ, ಆದರೆ ದುಬಾರಿ. ಪಂಪು ಒತ್ತಲು ಬಾರದವರಿಗೆ ಅವನ್ನು ಬರೆಯುವುದು ಅನ್ಯಾಯ.

ಬ್ಯಾಡಗಿಯ ಆ ತಾಯಿಗೆ ಸ್ಪೇಸರ್ ಕೊಟ್ಟು, ದಿನವೂ ತಪ್ಪದಂತೆ ಹಚ್ಚಿದೆ. ಎರಡು ತಿಂಗಳಲ್ಲಿ ರಾತ್ರಿ ಎಚ್ಚರವಾಗುವುದು ನಿಂತಿತು, ಆದರೆ ಕೆಲಸದ ದಿನಗಳ ಕೆಮ್ಮು ನಿಲ್ಲಲಿಲ್ಲ. ಜೋರಾಗಿ ಊದಿದ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಕೊಟ್ಟು, ದಿನದ ಅಂಕಿ ಬರೆದಿಡಲು ಹೇಳಿದೆ. ಮಗಳು ಗೆರೆ ಹೊಡೆದ ನೋಟ್‌ಬುಕ್ಕಿನಲ್ಲಿ ಬರೆದು ತಂದಳು. ಕೆಲಸಕ್ಕೆ ಹೋದ ದಿನಗಳಲ್ಲಿ ಅಂಕಿ ಇಳಿದು, ಊರಿಗೆ ಹೋಗಿದ್ದ ವಾರದಲ್ಲಿ ಏರಿದ್ದು ಕಣ್ಣಿಗೆ ಕಾಣುವಂತಿತ್ತು. ಕೆಲಸ ಬಿಡಿ ಎನ್ನುವುದು ನನಗೆ ಸುಲಭ, ಅವರಿಗಲ್ಲ. ಚೀಲ ಸುರಿಯುವ ಜಾಗದಿಂದ ದೂರ, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ಕೂರಲು ಅವರೇ ಮೇಸ್ತ್ರಿಯನ್ನು ಒಪ್ಪಿಸಿಕೊಂಡರು. ಈಗಲೂ ಜನವರಿಯಲ್ಲಿ ಮೆಣಸಿನಕಾಯಿ ಆವಕ ಜೋರಾಗುವ ಮೊದಲು ಒಮ್ಮೆ ಬಂದು, ಕೇಳುವ ಮುಂಚೆಯೇ ಪಂಪು ತಿರುಗಿಸಿ ಎಣಿಕೆ ತೋರಿಸುತ್ತಾರೆ.