ನಮ್ಮೂರಲ್ಲಿ ಮುಯ್ಯಿ ಮತ್ತೆ ಶುರುವಾದದ್ದು

ಸಾಗರ ತಾಲ್ಲೂಕಿನ ನಮ್ಮೂರಲ್ಲಿ ಇರೋದು 11 ಮನೆ. ಎಲ್ಲರದ್ದೂ ಅಡಿಕೆ ತೋಟ, ಹೆಚ್ಚಿನವರಿಗೆ ಎಕರೆಯ ಆಸುಪಾಸು. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸೋದು, ಶುರುವಾದರೆ ಹಗಲು ಹೇಗೋ ಸಾಗುತ್ತದೆ. ಕೊನೆಗೌಡ ಮರ ಹತ್ತುತ್ತಾನೆ, ಕೆಳಗೆ ಒಬ್ಬರು ಹಗ್ಗ ಹಿಡಿದರೆ ಕೊನೆ ಜಾರಿ ಬರುತ್ತದೆ. ಕಷ್ಟವೆಲ್ಲ ರಾತ್ರಿಯದು. ಕೆಂಪಡಿಕೆ ಆಗಬೇಕಾದರೆ ಹಸಿಕಾಯಿಯನ್ನು ಒಂದೆರಡು ದಿನದಲ್ಲಿ ಸುಲಿದು ಬೇಯಿಸಬೇಕು. ತಡವಾದರೆ ಸಿಪ್ಪೆ ಬಾಡಿ ಕತ್ತಿಗೆ ಬಗ್ಗೋದಿಲ್ಲ, ಬಣ್ಣವೂ ಕೂರೋದಿಲ್ಲ. ತೋಟದ ಜವಾಬ್ದಾರಿ ನನ್ನ ಕೈಗೆ ಬಂದ ಮೊದಲ ವರ್ಷ ಸುಲಿಯುವವರು ಸಿಗದೆ ಅಂಗಳದ ರಾಶಿ ಹಾಗೇ ಬಾಡಿತು. ಆ ಮಾಲನ್ನು ಸಿಕ್ಕಿದ ದರಕ್ಕೆ ಕೊಟ್ಟು ಬಂದೆ.

ಮಾರನೇ ವರ್ಷ ನಾಲ್ಕು ಮನೆಗೆ ಹೋಗಿ ಕೇಳಿದೆ: ಅಪ್ಪನ ಕಾಲದ ಮುಯ್ಯಾಳು ಮತ್ತೆ ಮಾಡೋಣವೇ? ಇವತ್ತು ನಿಮ್ಮಲ್ಲಿಗೆ ನಾವು, ನಾಳೆ ನಮ್ಮಲ್ಲಿಗೆ ನೀವು. ದುಡ್ಡಿನ ಮಾತಿಲ್ಲ. ಎಲ್ಲರೂ ಒಪ್ಪಿದರು. ಮೊದಲು ಕೊನೆಗೌಡನನ್ನು ಕೂರಿಸಿಕೊಂಡು ಐದೂ ಮನೆಯ ಕೊಯ್ಲಿಗೆ ದಿನ ಹಂಚಿದೆವು. ಒಂದೇ ದಿನ ಎರಡು ಅಂಗಳದಲ್ಲಿ ರಾಶಿ ಬಿದ್ದರೆ ಮುಯ್ಯಿ ಅಲ್ಲಿಗೇ ಮುರಿಯುತ್ತದೆ.

ತಪ್ಪಿದ್ದು ಲೆಕ್ಕದಲ್ಲಿ. ಕೂಲಿಯವರಿಗೆ ಎಣಿಸುವ ಹಾಗೆ ಡಬ್ಬ ಎಣಿಸಿದೆ, ಯಾರ ಮನೆಯವರು ಎಷ್ಟು ಡಬ್ಬ ಸುಲಿದರು ಅಂತ ಬರೆದಿಟ್ಟೆ. ನಾಲ್ಕನೇ ರಾತ್ರಿ ಮೇಲಿನಮನೆ ಅತ್ತೆ ಕತ್ತಿ ಒರೆಸುತ್ತಾ, "ನಾಳೆಯಿಂದ ನಾ ಬರಲ್ಲ ತಮಾ, ನನ್ನ ಡಬ್ಬ ತುಂಬೋದಿಲ್ಲ" ಅಂದರು. ಎಪ್ಪತ್ತು ದಾಟಿದ ಜೀವ. ನನಗೆ ಊಟ ಸೇರಲಿಲ್ಲ.

ಮಾರನೇ ದಿನ ಒತ್ತಾಯ ಮಾಡಿ ಕರೆತಂದು ಅವರ ಪಕ್ಕದಲ್ಲೇ ಕೂತೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಕಾಯಿಯನ್ನು ಮೆಟ್ಟುಗತ್ತಿಗೆ, ಅಂದರೆ ಕೂರುವ ಮಣೆಗೆ ಸೇರಿಸಿದ ಕತ್ತಿಗೆ, ಒತ್ತಿ ತಿರುಗಿಸುತ್ತಾರೆ, ಸಿಪ್ಪೆ ಎರಡೇ ಪಟ್ಟಿನಲ್ಲಿ ಬಿಡುತ್ತದೆ. ಆಮೇಲೆ ಅಡಿಕೆಯನ್ನು ಉಗುರಲ್ಲಿ ಒತ್ತಿ ನೋಡಿ ಎಳೆಯದನ್ನು ಒಂದು ಬುಟ್ಟಿಗೆ, ಬಲಿತದ್ದನ್ನು ಇನ್ನೊಂದಕ್ಕೆ ಹಾಕುತ್ತಾರೆ. ನಾವೆಲ್ಲ ಒಟ್ಟಿಗೇ ಸುರಿಯುತ್ತಿದ್ದೆವು. ಎಳೆಯದು, ಬಲಿತದ್ದು ಒಂದೇ ಹಂಡೆಯಲ್ಲಿ ಚೊಗರಿನ (ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಜೊತೆ ಬೆಂದರೆ ಬೇಯುವಿಕೆ ಹದ ತಪ್ಪುತ್ತದೆ. ಒಣಗಿಸಿದ ಮೇಲೆ ಮತ್ತೆ ಕೂತು ಆರಿಸಬೇಕು, ಗೊರಬಲು, ಅಂದರೆ ಹೆಚ್ಚು ಬಲಿತ ಅಡಿಕೆ, ರಾಶಿಗೆ ಸೇರಿದರೆ ಮಂಡಿಯಲ್ಲಿ ದರ ಇಳಿಯುತ್ತದೆ. ಅತ್ತೆ ಎರಡು ಕೆಲಸ ಮಾಡುತ್ತಿದ್ದರು, ನಾನು ಒಂದನ್ನೇ ಎಣಿಸುತ್ತಿದ್ದೆ.

ಆ ಪುಸ್ತಕ ಅವತ್ತೇ ಎತ್ತಿಟ್ಟೆ. ಈಗ ಒಂದು ಸಂಜೆ ಕೂತವರು ಒಂದು ಆಳಿನ ಲೆಕ್ಕ, ಕ್ಯಾಲೆಂಡರಿನಲ್ಲಿ ಒಂದು ಗೆರೆ, ಅಷ್ಟೇ. ಏಳಕ್ಕೆ ಶುರು, ಹತ್ತರೊಳಗೆ ಕತ್ತಿ ಕೆಳಗೆ. ನಡುವೆ ಆ ಮನೆಯವರ ಅವಲಕ್ಕಿ, ಕಷಾಯ. ಯಂತ್ರ ಬಂದಿದೆ ನಿಜ, ದೊಡ್ಡ ತೋಟದವರಿಗೆ ಅದೇ ಸರಿ. ನಮ್ಮ ಅಳತೆಯವರಿಗೆ ಐದು ಮನೆಯ ಕೈ ಸಾಕು. ಸುಲಿಯುತ್ತಾ ಕೂತಲ್ಲೇ ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಹಸು ಗಬ್ಬ ಎಲ್ಲ ತಿಳಿಯುತ್ತದೆ. ಕೆಳಗಿನಮನೆ ಭಾವನಿಗೆ ಎದೆನೋವು ಇದೆ ಅಂತ ಗೊತ್ತಾಗಿ, ಮರುದಿನವೇ ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದದ್ದೂ ಇಂಥ ಒಂದು ರಾತ್ರಿಯ ಮಾತಿನಿಂದಲೇ.

ಈ ವರ್ಷ ಅತ್ತೆಗೆ ಮಂಡಿನೋವು, ಮೆಟ್ಟುಗತ್ತಿ ಹತ್ತಿ ಕೂರಲಾರರು. ಕುರ್ಚಿ ಹಾಕಿಸಿಕೊಂಡು, ನಾವು ಸುಲಿದದ್ದನ್ನು ಬೇರೆ ಬೇರೆ ಬುಟ್ಟಿಗೆ ಆರಿಸಿ ಹಾಕುತ್ತಾರೆ. ಜಗಲಿಯ ಕ್ಯಾಲೆಂಡರಿನಲ್ಲಿ ಮೇಲಿನಮನೆಯ ಹೆಸರಿನ ಮುಂದೆ ದಿನಕ್ಕೊಂದು ಗೆರೆ ಬೀಳುತ್ತಲೇ ಇದೆ.